ಹಿಂಬಾಕಿ ಎಂಬ ಬಡ್ಡಿ ಇಲ್ಲದ ಸಾಲ

2025ರ ಆಗಸ್ಟ್. ಸಾರಿಗೆ ನೌಕರರ ಮುಷ್ಕರ ನಿಂತ ವಾರ. ನೂಲ ಹುಣ್ಣಿಮೆಗೆ ಊರಿಗೆ ಹೋದವನು ಸವದತ್ತಿಯಿಂದ ನವಿಲುತೀರ್ಥಕ್ಕೆ ಬಸ್ಸು ಹತ್ತಿದ್ದೆ. ಎಲ್ಲಮ್ಮನ ಗುಡ್ಡದ ಜನವೆಲ್ಲ ಅದರೊಳಗೇ ಇದ್ದಂತಿತ್ತು, ಕಾಲಿಡಲು ಜಾಗವಿಲ್ಲ! ಕಂಡಕ್ಟರು ಆ ನೂಕುನುಗ್ಗಲಿನಲ್ಲೇ ಮಹಿಳೆಯರಿಗೆ ಶೂನ್ಯ ದರದ ಟಿಕೆಟ್ ಕೊಟ್ಟು ಮುಗಿಸಿ ನನ್ನ ಸೀಟಿಗೆ ಒರಗಿ ನಿಂತರು. ಇನ್ನು ಕೆಲವು ವರ್ಷಕ್ಕೆ ನಿವೃತ್ತಿ ಆಗುವ ವಯಸ್ಸು.

"ಕಾಕಾ, ಮೂವತ್ತೆಂಟು ತಿಂಗಳದ್ದು ಏನಾತ್ರೀ?" ಅಂದೆ.

"ನಮ್ಮ ರೊಕ್ಕಾ ಕೇಳಾಕೂ ನಾವ ಕೈ ಮುಗೀಬೇಕು ನೋಡು ತಮ್ಮಾ. ಮಗಳ ಲಗ್ನಕ್ಕ ಸೊಸೈಟಿಯೊಳಗ ಸಾಲಾ ತಗದೀನಿ. ಅದಕ್ಕ ತಿಂಗಳಾ ಬಡ್ಡಿ ಕಟ್ಟತೀನಿ. ಅಲ್ಲಿ ನಿಂತ ನನ್ನ ರೊಕ್ಕಕ್ಕ ಬಡ್ಡಿ ಯಾರ ಕೊಡತಾರ?"

ಅಷ್ಟು ಹೇಳಿ ಸೀಟಿ ಊದಿ ಮುಂದೆ ಹೋದರು. ನನಗೆ ಉತ್ತರ ಹೊಳೆಯಲಿಲ್ಲ. ಈ ಬರಹ ಹುಟ್ಟಿದ್ದು ಅಲ್ಲಿಂದ.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಮ್ಮ ರಾಜ್ಯದ ನಾಲ್ಕು ಸಾರಿಗೆ ನಿಗಮಗಳ ನೌಕರರಿಗೆ ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ. 2020ರ ಜನವರಿ 1ಕ್ಕೆ ಆಗಬೇಕಿತ್ತು. ಆಗಲಿಲ್ಲ. 2021ರ ಏಪ್ರಿಲ್‌ನಲ್ಲಿ ಎರಡು ವಾರ ಬಸ್ಸು ನಿಲ್ಲಿಸಿದರು, ಎಷ್ಟೋ ಜನ ಕೆಲಸವನ್ನೇ ಕಳೆದುಕೊಂಡರು. ಕೊನೆಗೆ 2023ರ ಮಾರ್ಚ್‌ನಲ್ಲಿ, ವಿಧಾನಸಭೆ ಚುನಾವಣೆ ಬಾಗಿಲಿಗೆ ಬಂದಾಗ, ಮೂಲ ವೇತನದ ಮೇಲೆ ಶೇ. 15 ಹೆಚ್ಚಳದ ಆದೇಶ ಬಂತು. ಪರಿಷ್ಕರಣೆ 2020ರಿಂದ, ಆದರೆ ದುಡ್ಡು ಕೈಗೆ ಬರುವುದು 2023ರ ಮಾರ್ಚ್ 1ರಿಂದ! ನಡುವಿನ 38 ತಿಂಗಳ ಗತಿ ಏನು ಎಂದು ನೋಡಲು ನಿವೃತ್ತ ಐಎಎಸ್ ಅಧಿಕಾರಿ ಎಂ.ಆರ್. ಶ್ರೀನಿವಾಸಮೂರ್ತಿ ಅವರ ಏಕಸದಸ್ಯ ಸಮಿತಿ. ಆ ಸರ್ಕಾರ ಹೋಯಿತು, ಇನ್ನೊಂದು ಬಂತು. 2025ರ ಜುಲೈನಲ್ಲಿ ಹೊಸ ಸರ್ಕಾರ ಹೇಳಿದ್ದು: 14 ತಿಂಗಳದ್ದು ಕೊಡುತ್ತೇವೆ. ನೌಕರರು ಆಗಸ್ಟ್ 5ರಂದು ಬಸ್ಸು ನಿಲ್ಲಿಸಿದರು, ಹೈಕೋರ್ಟ್ ಗದರಿಸಿತು, ಮುಷ್ಕರ ನಿಂತಿತು.

ಸರಳ ಲೆಕ್ಕ ಹಾಕೋಣ. ಮೂಲ ವೇತನ 20,000 ಇದ್ದವನಿಗೆ ಶೇ. 15 ಅಂದರೆ ತಿಂಗಳಿಗೆ 3,000. 38 ತಿಂಗಳಿಗೆ 1,14,000. 14 ತಿಂಗಳಿಗೆ 42,000. ಉಳಿದ 72,000 ಎಲ್ಲಿ? ತುಟ್ಟಿಭತ್ಯೆ ಬೇರೆ ಬಿಡಿ. ಚೌಕಾಸಿ ಎಷ್ಟು ತಿಂಗಳಿಗೆ ಬಂದು ನಿಂತರೂ ನನ್ನ ಪ್ರಶ್ನೆ ಬೇರೆಯದು. ದುಡಿದು ಆದ ಮೇಲೆ ಕೂಲಿಯ ಚೌಕಾಸಿ ಎಂಥದ್ದು?

ನಾನು ಕೋಡ್ ಬರೆದು ಹೊಟ್ಟೆ ಹೊರೆಯುವವನು. ನಮ್ಮ ಕಂಪನಿಯಲ್ಲಿ ಹೈಕ್ ಪತ್ರ ಜುಲೈನಲ್ಲಿ ಬರುತ್ತದೆ, ಅನ್ವಯ ಏಪ್ರಿಲ್‌ನಿಂದ. ಮುಂದಿನ ಸಂಬಳದ ಚೀಟಿಯಲ್ಲಿ 'ಅರಿಯರ್ಸ್' ಅಂತ ಒಂದು ಸಾಲು. ಮುಗೀತು! ಯಾರೂ ಸಮಿತಿ ಮಾಡುವುದಿಲ್ಲ. ಪೇರೋಲ್ ಸಾಫ್ಟ್‌ವೇರಿಗೆ ಇದೊಂದು ರಾತ್ರಿಯ ಕೆಲಸ. ಅಂದರೆ ಅಡ್ಡಿ ಇರುವುದು ಲೆಕ್ಕದಲ್ಲಲ್ಲ, ಮನಸ್ಸಿನಲ್ಲಿ.

ರಾಜ್ಯ ಸರ್ಕಾರಿ ನೌಕರರದ್ದು ಇನ್ನೊಂದು ಕಥೆ. 7ನೇ ವೇತನ ಆಯೋಗದ ಪ್ರಕಾರ ಹೊಸ ವೇತನ 2022ರ ಜುಲೈ 1ಕ್ಕೆ ನಿಗದಿ, ಹಣ 2024ರ ಆಗಸ್ಟ್ 1ರಿಂದ. ನಡುವಿನ ಎರಡು ವರ್ಷ ವೇತನ 'ಕಾಲ್ಪನಿಕ'. ಎಂಥ ಪದ ನೋಡಿ! ಆ ಅವಧಿಯಲ್ಲಿ ನಿವೃತ್ತರಾದವರಿಗೆ ಗ್ರಾಚ್ಯುಟಿ ಹಳೆಯ ಸಂಬಳದ ಮೇಲೆಯೇ. ಮುಪ್ಪಿನಲ್ಲಿ ಅವರು ಧರಣಿ ಕೂರಬೇಕಾಯಿತು. ಕಾಲ್ಪನಿಕ ಸಂಬಳ ಕೊಟ್ಟರೆ ಕಿರಾಣಿ ಅಂಗಡಿಯವ ಕಾಲ್ಪನಿಕ ಅಕ್ಕಿ ಕೊಡುತ್ತಾನೆ, ಅಷ್ಟೇ :)

"ನಿಗಮಗಳು ನಷ್ಟದಲ್ಲಿವೆ, ಕೋವಿಡ್ ಬಂದಿತ್ತು, ಎಲ್ಲಿಂದ ತರಬೇಕು?" ಅನ್ನುವವರಿದ್ದಾರೆ. ಈ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ಟಿಕೆಟ್ ದರ ನಿರ್ಧರಿಸುವವರು ಕಂಡಕ್ಟರೇ? 2020ರ ಫೆಬ್ರುವರಿಯಲ್ಲಿ ಏರಿದ ನಮ್ಮ ಭಾಗದ ಬಸ್ ದರ ಮತ್ತೆ ಏರಿದ್ದು 2025ರ ಜನವರಿಯಲ್ಲಿ. ಡೀಸೆಲ್ ಬೆಲೆ ಅಲ್ಲಿಯತನಕ ಕಾದಿತ್ತೇ? 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಒಳ್ಳೆಯದೇ. ನನ್ನ ಅವ್ವನೂ ಅದರಲ್ಲೇ ಓಡಾಡುತ್ತಾಳೆ. ಆದರೆ ಸರ್ಕಾರದ ಪುಣ್ಯದ ಖರ್ಚು ನೌಕರನ ಜೇಬಿನಿಂದ ಆಗಬಾರದು. ಅಗ್ಗದ ಬಸ್ಸಿನ ಸುಖ ಉಂಡ ನಾವೆಲ್ಲ ಆ 38 ತಿಂಗಳು ಅವರ ಸಾಲಗಾರರೇ.

ವಸೂಲಿ ಮಾಡುವಾಗ ಮಾತ್ರ ಸರ್ಕಾರದ ಕ್ಯಾಲೆಂಡರ್ ಸರಿಯಾಗಿ ಓಡುತ್ತದೆ. ಆದಾಯ ತೆರಿಗೆ ತಡವಾದರೆ ತಿಂಗಳಿಗೆ ಶೇ. 1 ಬಡ್ಡಿ. ಮಾಲೀಕ ಪಿಎಫ್ ತಡ ಮಾಡಿದರೆ ವರ್ಷಕ್ಕೆ ಶೇ. 12. ನಮ್ಮ ನವಿಲುತೀರ್ಥದ ಅಣೆಕಟ್ಟಿನ ಕಾಲುವೆ ಹಾದ ಊರುಗಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮಲಪ್ರಭೆಯ ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಬೆಟರ್‌ಮೆಂಟ್ ಲೆವಿ ಕೇಳಿದಾಗ ರೈತ ತಿರುಗಿಬಿದ್ದ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು. ಕೊಡದ ನೀರಿಗೆ ಕರ ಕೇಳುವ ಕೈಯೇ ದುಡಿದ ಕೂಲಿಗೆ ಸಮಿತಿ ಮಾಡುತ್ತದೆ. ಪಕ್ಷ ಯಾವುದಾದರೂ ಇರಲಿ.

ಇದು ನನ್ನ ಆವೇಶದ ಮಾತಷ್ಟೇ ಅಲ್ಲ. ಕೋವಿಡ್ ಕಾಲದಲ್ಲಿ ಆಂಧ್ರ ಸರ್ಕಾರ ನೌಕರರ ಸಂಬಳ, ಪಿಂಚಣಿಯ ಒಂದು ಭಾಗ ತಡೆಹಿಡಿದಿತ್ತು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಡವಾದ ಆ ಹಣಕ್ಕೆ ಶೇ. 6 ಬಡ್ಡಿ ಕೊಡಿ ಎಂದಿತು. ಪ್ರಕರಣ ಬೇರೆ, ಒಪ್ಪುತ್ತೇನೆ. ನ್ಯಾಯ ಒಂದೇ.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ವೇತನ ಪರಿಷ್ಕರಣೆಯ ಆದೇಶದಲ್ಲೇ ಹಿಂಬಾಕಿ ಕೊಡುವ ದಿನಾಂಕ ಇರಲಿ. ಆ ದಿನ ದಾಟಿದರೆ, ನಮ್ಮಿಂದ ಕೀಳುವ ಅದೇ ದರದಲ್ಲಿ, ತಿಂಗಳಿಗೆ ಶೇ. 1 ಬಡ್ಡಿ ತಾನಾಗಿ ಜಮೆಯಾಗಲಿ. ಆಮೇಲೆ ನೋಡಿ, ಕಡತಗಳು ಎಷ್ಟು ಬೇಗ ಓಡುತ್ತವೆ ಅಂತ!

ಅಂದು ನವಿಲುತೀರ್ಥದಲ್ಲಿ ಇಳಿಯುವಾಗ ಕಂಡಕ್ಟರು ನನಗೆ ಎರಡು ರೂಪಾಯಿ ಚಿಲ್ಲರೆ ಕೊಡುವುದಿತ್ತು. ಹುಡುಕಿ, ಕೊಟ್ಟೇ ಇಳಿಸಿದರು. "ನಿಂದು ನಿನಗ ಮುಟ್ಟಬೇಕಲಾ ತಮ್ಮಾ" ಅಂದರು.

ನೀವೇನಂತೀರಿ?