ಅಕ್ಕನ ಅಂಗಳ: ಲಿವರ್ ಕೆಟ್ಟಿಲ್ಲ, ದಾರಿ ಕಟ್ಟಿದೆ

ಅಮೃತಾಪುರದ ಸೋದರಿಯೊಬ್ಬರ ಪತ್ರ ಈ ಸಲ ನನ್ನ ಮನಸ್ಸನ್ನು ಕಲಕಿತು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರ ಮಾತಿನಲ್ಲೇ ಓದಿ:

“ಅಕ್ಕಾ, ನನ್ನ ಮಗಳಿಗೆ ಈಗ ನಾಲ್ಕು ವರ್ಷ. ಹುಟ್ಟುವಾಗಲೇ ಪಿತ್ತನಾಳ ಮುಚ್ಚಿತ್ತು. ಒಂದೂವರೆ ವರ್ಷದವಳಿದ್ದಾಗ ನನ್ನ ಲಿವರಿನ ತುಂಡು ತೆಗೆದು ಅವಳಿಗೆ ಕಸಿ ಮಾಡಿದರು. ಎರಡು ವರ್ಷ ಊಟ, ಆಟ ಎಲ್ಲಾ ಚೆನ್ನಾಗಿತ್ತು. ಹೋದ ತಿಂಗಳಿಂದ ರಾತ್ರಿಯೆಲ್ಲ ಮೈ ಕೆರಕೊಳ್ತಾಳೆ, ಕಣ್ಣು ಹಳದಿಯಾಗಿದೆ. ಬೆಂಗಳೂರಿನಲ್ಲಿ ತೋರಿಸಿದ್ದಕ್ಕೆ ನಾಳ ಕಿರಿದಾಗಿದೆ, ಪಕ್ಕೆಯಿಂದ ಸೂಜಿ ಹಾಕಿ ಟ್ಯೂಬು ಇಡಬೇಕು ಅಂದರು. ನಮ್ಮತ್ತೆ ‘ನೀನು ಕೊಟ್ಟಿದ್ದೇ ಸರಿ ಇರಲಿಲ್ಲ’ ಅಂತಾರೆ. ಕಾಮಾಲೆಗೆ ಸೊಪ್ಪಿನ ರಸ ಕೊಡೋರ ಹತ್ರ ಹೋಗೋಣ ಅಂತಾರೆ ನಮ್ಮೆಜಮಾನರು. ನಾನೇನು ಮಾಡಲಿ?”

ಸೋದರಿ, ಮೊದಲು ಕಣ್ಣೊರೆಸಿಕೊಳ್ಳಿ. ನಾನು ವೈದ್ಯಳಲ್ಲ. ತಿಳಿದವರನ್ನು ಕೇಳಿ, ಓದಿ ಅರ್ಥ ಮಾಡಿಕೊಂಡಿದ್ದನ್ನು ಬರೆಯುತ್ತಿದ್ದೇನೆ.

ನಿಮ್ಮೂರಿನ ಹತ್ತಿರವೇ ಲಕ್ಕವಳ್ಳಿಯ ಭದ್ರಾ ಜಲಾಶಯವಿದೆ. ಅಲ್ಲಿ ನೀರು ತುಂಬಿದ್ದರೂ ತೂಬಿಗೆ ಹೂಳು ಕಟ್ಟಿದರೆ ಗದ್ದೆಗೆ ನೀರು ಬಾರದು. ಹಾಗೆಂದು ಜಲಾಶಯ ಕೆಟ್ಟಿತು ಎನ್ನುತ್ತೇವೆಯೇ? ನೀವು ಕೊಟ್ಟ ಲಿವರು ಇಂದೂ ಪಿತ್ತರಸ ತಯಾರಿಸುತ್ತಿದೆ. ಅದು ಕರುಳಿಗೆ ಇಳಿಯುವ ಜಾಗ ಕಿರಿದಾಗಿದೆ, ಅಷ್ಟೇ. ಪುಟ್ಟ ಮಗುವಿನಲ್ಲಿ ಆ ನಾಳ ಕೆಲವೇ ಮಿಲಿಮೀಟರ್ ಅಗಲ. ಕರುಳಿಗೆ ಹೊಲಿದ ಜಾಗದಲ್ಲಿ ಗಾಯ ಮಾಯುವಾಗ ಕಲೆ ಬಿಗಿದುಕೊಳ್ಳುವುದುಂಟು. ಆ ನಾಳಕ್ಕೆ ರಕ್ತ ಬರುವುದೂ ಲಿವರಿನ ಶುದ್ಧ ರಕ್ತನಾಳ ಒಂದರಿಂದಲೇ. ಅದು ಬತ್ತಿದರೂ ನಾಳ ಸೊರಗುತ್ತದೆ. ಅದಕ್ಕೇ ವೈದ್ಯರು ಸ್ಕ್ಯಾನಿನಲ್ಲಿ ರಕ್ತದ ಓಟವನ್ನೂ ನೋಡುತ್ತಾರೆ. ಕಸಿಯಾದ ನೂರು ಮಕ್ಕಳಲ್ಲಿ ಸುಮಾರು 10ರಿಂದ 30 ಮಕ್ಕಳಿಗೆ ಪಿತ್ತನಾಳದ ಒಂದಲ್ಲ ಒಂದು ತೊಂದರೆ ಬರುತ್ತದೆ. ಮೊದಲ ವಾರಗಳಲ್ಲಿ ಸೋರಿಕೆ, ತಿಂಗಳು ವರ್ಷ ಕಳೆದ ಮೇಲೆ ಬಿಗಿತ. ಇದರಲ್ಲಿ ತಾಯಿಯ ತಪ್ಪು ಎಲ್ಲಿಂದ ಬಂತು?

ಇನ್ನು ಸೂಜಿಯ ಮಾತು. ದೊಡ್ಡವರಿಗೆ ಬಾಯಿಂದ ದುರ್ಬೀನು ಇಳಿಸಿ ನಾಳ ಬಿಡಿಸುವುದುಂಟು. ಹುಟ್ಟಿನಿಂದ ನಾಳ ಮುಚ್ಚಿದ ಮಕ್ಕಳಿಗೆ ಲಿವರಿನ ನಾಳವನ್ನು ನೇರವಾಗಿ ಕರುಳಿನ ಕುಣಿಕೆಗೆ ಜೋಡಿಸಿರುವುದರಿಂದ ಆ ದಾರಿ ಸುಲಭವಲ್ಲ. ಆದ್ದರಿಂದ ಅರಿವಳಿಕೆ ಕೊಟ್ಟು, ಎಕ್ಸ್‌ರೇಯಲ್ಲಿ ನೋಡುತ್ತಾ, ಚರ್ಮದ ಮೂಲಕ ಲಿವರಿಗೆ ಸಣ್ಣ ಸೂಜಿ ಹಾಕಿ, ಬಿಗಿದ ಜಾಗವನ್ನು ಪುಟ್ಟ ಬಲೂನಿನಿಂದ ಹಿಗ್ಗಿಸುತ್ತಾರೆ. ಮತ್ತೆ ಮುಚ್ಚದಿರಲೆಂದು ಟ್ಯೂಬು ಬಿಡುತ್ತಾರೆ. ಅದು ಕೆಲವು ವಾರ, ಎಷ್ಟೋ ಸಲ ಕೆಲವು ತಿಂಗಳೇ ಇರಬೇಕಾದೀತು. ಬಲೂನು ಎರಡು ಮೂರು ಸಲ ಬೇಕಾಗಬಹುದು. ಬಹಳ ಮಕ್ಕಳಿಗೆ ಇಷ್ಟರಲ್ಲೇ ಗುಣ ಕಾಣುತ್ತದೆ. ಆಗದಿದ್ದರೆ ಜೋಡಣೆಯನ್ನು ಮತ್ತೆ ಹೊಲಿಯುತ್ತಾರೆ. ಮರುಕಸಿಯ ಪ್ರಸಂಗ ಅಪರೂಪ.

ಸೊಪ್ಪಿನ ರಸ ಮಾತ್ರ ಖಂಡಿತ ಬೇಡ. ಕಟ್ಟಿದ ದಾರಿಯನ್ನು ಯಾವ ರಸವೂ ಬಿಡಿಸದು. ಕೆಲವು ಗಿಡಮೂಲಿಕೆಗಳು ಲಿವರಿಗೇ ಕೇಡು. ಕೆಲವು ಕಸಿ ಕಾಪಾಡುವ ಟ್ಯಾಕ್ರೋಲಿಮಸ್ ಔಷಧಿಯನ್ನು ರಕ್ತದಲ್ಲಿ ಏರುಪೇರು ಮಾಡುತ್ತವೆ. ನಮ್ಮ ಮಲೆನಾಡಿನ ಹಿತ್ತಲಲ್ಲಿ ಬೆಳೆಯುವ ಚಕ್ಕೋತ ಹಣ್ಣೂ ಹಾಗೆಯೇ, ಅದನ್ನೂ ಕೊಡಬೇಡಿ. ಅಂಗಡಿಯಿಂದ ಮಾತ್ರೆ ತರುವ ಮುನ್ನ ಕಸಿ ವೈದ್ಯರನ್ನು ಕೇಳಿ.

ಮನೆಯಲ್ಲಿ ನೆನಪಿಡಬೇಕಾದ್ದು:

ಚಳಿಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಕಟ್ಟಿನಿಂತ ಪಿತ್ತದಲ್ಲಿ ನಂಜು ಬೇಗ ಏರುತ್ತದೆ. ಬೆಂಗಳೂರಿನ ವೈದ್ಯರಿಗೆ ಫೋನ್ ಮಾಡಿ, ಅವರು ಹೇಳಿದಂತೆ ತರೀಕೆರೆಯಲ್ಲೋ ಶಿವಮೊಗ್ಗದಲ್ಲೋ ಕೂಡಲೇ ಸೇರಿಸಿ. ಕಾಗದಪತ್ರದ ಫೈಲು ಸದಾ ಕೈಗೆ ಸಿಗುವಂತಿರಲಿ.

ಟ್ಯೂಬು ಎಳೆಯದಂತೆ ಅಂಗಿಯೊಳಗೆ ಭದ್ರವಾಗಿರಲಿ. ಕೈ ಸೋಪಿನಿಂದ ತೊಳೆಯದೆ ಮುಟ್ಟಬೇಡಿ. ಚೀಲಕ್ಕೆ ಪಿತ್ತ ಬರುವುದು ನಿಂತರೆ, ಸುತ್ತ ಸೋರಿದರೆ, ರಕ್ತ ಕಂಡರೆ, ತಕ್ಷಣ ತಿಳಿಸಿ. ದಿನಕ್ಕೆ ಎಷ್ಟು ಬಂತೆಂದು ಬರೆದಿಡಿ.

ಮಗು ಚೆನ್ನಾಗಿ ಕಂಡರೂ ರಕ್ತಪರೀಕ್ಷೆ ತಪ್ಪಿಸಬೇಡಿ. ಕಣ್ಣು ಹಳದಿಯಾಗುವ ಮೊದಲೇ ಬಿಗಿತ ರಕ್ತದಲ್ಲಿ ತಿಳಿಯುವುದುಂಟು.

ಕಾಮಾಲೆ ಪಥ್ಯವೆಂದು ಬರೀ ಗಂಜಿತಿಳಿಯಲ್ಲಿ ಮಗುವನ್ನು ಸೊರಗಿಸಬೇಡಿ. ಎರಡು ಚಮಚ ರಾಗಿಹಿಟ್ಟು, ಒಂದು ಚಮಚ ಹುರಿದ ಹೆಸರುಬೇಳೆ ಪುಡಿಯನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಚೆನ್ನಾಗಿ ಬೇಯಿಸಿ, ಬೆಲ್ಲ ಹಾಕಿ. ಇಳಿಸುವಾಗ ಒಂದು ಚಮಚ ಕೊಬ್ಬರಿ ಎಣ್ಣೆ ಬೆರೆಸಿ; ಅದರ ಕೊಬ್ಬಿನಲ್ಲಿ ಒಂದು ಪಾಲು ಪಿತ್ತ ಕಡಿಮೆಯಿದ್ದರೂ ಅರಗುತ್ತದೆ. ಎ, ಡಿ, ಇ, ಕೆ ಜೀವಸತ್ವಗಳನ್ನು ವೈದ್ಯರು ಬರೆದಷ್ಟೇ ಕೊಡಿ. ನೀರು ಕುದಿಸಿ ಆರಿಸಿದ್ದಿರಲಿ.

ಖರ್ಚಿನ ಚಿಂತೆಯೂ ಇರುತ್ತದೆ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ನೆರವು ನಿಮ್ಮ ಕಾರ್ಡಿಗೆ ಸಿಗುವುದೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ.

1998ರ ನವೆಂಬರಿನಲ್ಲಿ ದೆಹಲಿಯ ಅಪೋಲೋ ಆಸ್ಪತ್ರೆಯಲ್ಲಿ ತಮಿಳುನಾಡಿನ ಸಂಜಯ್ ಕಂದಸ್ವಾಮಿ ಎಂಬ 20 ತಿಂಗಳ ಮಗುವಿಗೆ ತಂದೆಯ ಲಿವರಿನ ತುಂಡನ್ನು ಕಸಿ ಮಾಡಿದರು. ನಮ್ಮ ದೇಶದಲ್ಲಿ ಮಗುವಿಗೆ ಯಶಸ್ವಿಯಾದ ಮೊದಲ ಲಿವರ್ ಕಸಿ ಅದು. ಆ ಮಗುವಿಗೂ ಹುಟ್ಟಿನಿಂದ ಪಿತ್ತನಾಳ ಮುಚ್ಚಿತ್ತು. ಬೆಳೆದು, ಓದಿ, ಅವರೇ ವೈದ್ಯರಾದರು.

ಉಳಿದ ತಾಯಂದಿರಿಗೂ ಒಂದು ಮಾತು. ಹುಟ್ಟಿದ ಕೂಸಿನ ಕಾಮಾಲೆ ಎರಡು ವಾರ ದಾಟಿದರೆ, ಮಲ ಸುಣ್ಣದಂತೆ ಬಿಳಿಚಿದ್ದರೆ, ಬಿಸಿಲಿಗೆ ಹಿಡಿದರಾಯಿತೆಂದು ಸುಮ್ಮನಿರಬೇಡಿ, ಬರೆ ಹಾಕಿಸಬೇಡಿ. ಮಕ್ಕಳ ಡಾಕ್ಟರಿಗೆ ತೋರಿಸಿ. ಮುಚ್ಚಿದ ನಾಳಕ್ಕೆ ಎರಡು ತಿಂಗಳೊಳಗೆ ಶಸ್ತ್ರಕ್ರಿಯೆಯಾದರೆ ಫಲ ಹೆಚ್ಚು.

ಸೋದರಿ, ಅತ್ತೆಯವರ ಮೇಲೆ ಮುನಿಯಬೇಡಿ. ಮೊಮ್ಮಗಳ ಮೇಲಿನ ಭಯ ಅವರ ಬಾಯಲ್ಲಿ ಹಾಗೆ ಮಾತಾಗಿ ಬಂದಿದೆ. ಈ ಪುಟವನ್ನು ಅವರಿಗೆ ಓದಿ ಹೇಳಿ. ಆಮೇಲೆ ಒಂದು ಜವಾಬ್ದಾರಿ ಒಪ್ಪಿಸಿ: ಟ್ಯಾಕ್ರೋಲಿಮಸ್ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಎಂದಿದ್ದರೆ, ಗಡಿಯಾರ ನೋಡಿ ನೆನಪಿಸುವ ಕೆಲಸ ಅಜ್ಜಿಯದು. ರಕ್ತಪರೀಕ್ಷೆಯ ಬೆಳಿಗ್ಗೆ ಮಾತ್ರ ರಕ್ತ ಕೊಟ್ಟ ಮೇಲೆಯೇ ಔಷಧಿ.

ಟ್ಯೂಬು ಇಟ್ಟ ಮೇಲೆ ಮಗಳು ರಾತ್ರಿ ನೆಮ್ಮದಿಯಾಗಿ ಮಲಗಿದಳೇ ಎಂದು ಎರಡು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.

ನಿಮ್ಮ ಅಕ್ಕ