ಮಿತಾಹಾರಿ ಥೈಮ್

ನಗರಗಳ ತಾರಸಿಗಳಲ್ಲಿಯೂ ಬಾಲ್ಕನಿಗಳಲ್ಲಿಯೂ ತುಳಸಿ, ದೊಡ್ಡಪತ್ರೆಗಳ ಮಗ್ಗುಲಲ್ಲಿ ಈಚೆಗೆ ಥೈಮ್ ಎಂಬ ಪರದೇಶದ ಗಿಡವೂ ಸ್ಥಾನ ಸಂಪಾದಿಸಿಕೊಂಡಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಗುಲಾಬಿಗೂ ಟೊಮೆಟೊಗೂ ಹಾಕುವ ಗೊಬ್ಬರವನ್ನೇ, ಅದೇ ಪ್ರಮಾಣದಲ್ಲಿ, ಇದಕ್ಕೂ ಸುರಿಯುವ ನಮ್ಮ ಅಭ್ಯಾಸವು ಉಪಚಾರದ ಹೆಸರಿನಲ್ಲಿ ನಡೆಯುತ್ತಿರುವ ಅಪಚಾರವೆಂದು ಹೇಳದೆ ವಿಧಿಯಿಲ್ಲ.

1753ರಲ್ಲಿ ಲಿನೇಯಸನು ಥೈಮಸ್ ವಲ್ಗ್ಯಾರಿಸ್ ಎಂದು ಹೆಸರಿಸಿದ ಈ ಸಸ್ಯದ ತವರು ಸ್ಪೇನ್, ದಕ್ಷಿಣ ಫ್ರಾನ್ಸ್, ಇಟಲಿಗಳ ಸುಣ್ಣಕಲ್ಲಿನ ಗುಡ್ಡಗಳು. ಮಣ್ಣಿಗಿಂತ ಕಲ್ಲೇ ಅಧಿಕವಾಗಿರುವ ಆ ಇಳಿಜಾರುಗಳಲ್ಲಿ, ಒಣ ಬೇಸಗೆಯ ಪ್ರಖರ ಬಿಸಿಲನ್ನು ಸಹಿಸಿಕೊಂಡು, ಗೇಣುದ್ದ ಬೆಳೆಯುವುದೇ ಅದರ ಸ್ವಭಾವ. ಅದರ ಎಲೆಯೊಂದನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದರೆ, ಕೆಳಕ್ಕೆ ಮಡಿಚಿಕೊಂಡ ಅಂಚುಗಳೂ, ನವಿರಾದ ರೋಮಗಳೂ, ಅವುಗಳ ನಡುವೆ ಸೂಜಿಮೊನೆಯಷ್ಟು ಸಣ್ಣ ತೈಲಗ್ರಂಥಿಗಳೂ ಕಾಣುತ್ತವೆ. ನಮ್ಮ ಓಮದ ಕಾಳಿಗೆ ಘಾಟನ್ನು ಕೊಡುವ ಥೈಮಾಲ್ ಈ ಗ್ರಂಥಿಗಳಲ್ಲಿಯೂ ಉಂಟು.

ಯೂರಿಯಾದಲ್ಲಿ ಸಾರಜನಕದ ಅಂಶ ನೂರಕ್ಕೆ 46. ಇಂಥ ತೀವ್ರವಾದ ಆಹಾರ ದೊರೆತೊಡನೆ ಥೈಮ್ ಸೊಕ್ಕಿ, ಮೆತ್ತನೆಯ ನೀಳ ಚಿಗುರುಗಳನ್ನು ಬಿಡುತ್ತದೆ. ಕಣ್ಣಿಗೆ ಹಸಿರು ತುಂಬಿದರೂ ಪರಿಮಳ ತೆಳುವಾಗುತ್ತದೆ. ಬಲಿಯದ ಕಾಂಡಗಳು ಬಾಗಿ ನೆಲಕ್ಕೆ ತಾಗಿ, ಮಳೆಗಾಲದ ತೇವಕ್ಕೆ ಸುಲಭವಾಗಿ ಕೊಳೆಯುತ್ತವೆ. ಪರಿಮಳಕ್ಕಾಗಿಯೇ ಬೆಳೆಸುವ ಗಿಡದಲ್ಲಿ ಪರಿಮಳವನ್ನೇ ಕಳೆದುಕೊಂಡು ಸೊಪ್ಪನ್ನು ಹೆಚ್ಚಿಸಿಕೊಂಡದ್ದರಿಂದ ಬಂದ ಲಾಭವಾದರೂ ಏನು?

ಹಾಗೆಂದು ಅದನ್ನು ಉಪವಾಸ ಕೆಡವತಕ್ಕದ್ದೆಂದು ನನ್ನ ವಾದವಲ್ಲ. ನೆಲದಲ್ಲಿ ನೆಡುವಾಗ ಮಣ್ಣಿಗೆ ದಪ್ಪ ಮರಳನ್ನೂ ಸಣ್ಣ ಜಲ್ಲಿಯನ್ನೂ ಬೆರೆಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಹಿಡಿ ಹಾಕಿ, ಮುಂದೆ ವರ್ಷಕ್ಕೊಮ್ಮೆ ಬುಡಕ್ಕೆ ತಾಗದಂತೆ ತೆಳುವಾಗಿ ಹರಡಿದರೆ ಸಾಕು. ಮಣ್ಣು ಹುಳಿಯೆಂದು ಪರೀಕ್ಷೆಯಿಂದ ತಿಳಿದುಬಂದಲ್ಲಿ ಕೊಂಚ ಸುಣ್ಣವನ್ನೂ ಸೇರಿಸಬಹುದು. ಕುಂಡದ ನ್ಯಾಯವೇ ಬೇರೆ. ಅಲ್ಲಿ ಬೇರಿಗೆ ಅತ್ತಿತ್ತ ಹೋಗಿ ಆಹಾರವನ್ನು ಅರಸುವ ಅವಕಾಶವಿಲ್ಲ. ಮೇಲಾಗಿ ಪ್ರತಿ ಸಲ ನೀರುಣಿಸಿದಾಗಲೂ ಸಾರವು ತಳದ ರಂಧ್ರದಿಂದ ಸೋರಿಹೋಗುತ್ತದೆ. ಆದುದರಿಂದ ಗಿಡ ಚಿಗುರುವ ಕಾಲದಲ್ಲಿ ತಿಂಗಳಿಗೊಮ್ಮೆ ದ್ರವಗೊಬ್ಬರವನ್ನು, ಡಬ್ಬಿಯ ಮೇಲೆ ಹೇಳಿರುವುದರ ಅರ್ಧಕ್ಕೆ ತೆಳುಮಾಡಿ, ಮೊದಲೇ ನೀರು ಕುಡಿದ ಮಣ್ಣಿಗೆ ಕೊಡುವುದು ಉಚಿತ. ಎಡೆಬಿಡದ ಮಳೆಯ ದಿನಗಳಲ್ಲಿ ಅದೂ ಬೇಡ. ಮಣ್ಣಿನ ಮೇಲೆ ಬಿಳಿಯ ಉಪ್ಪು ಕಟ್ಟಿದ್ದರೆ ಗೊಬ್ಬರ ಮಿತಿಮೀರಿದೆಯೆಂದು ಶಂಕಿಸಿ, ಬರಿಯ ನೀರನ್ನು ಧಾರಾಳವಾಗಿ ಹರಿಸಿ ತೊಳೆಯಬೇಕು.

ಗೊಬ್ಬರ ಮಾರುವವರು ಸಕಲ ಸಸ್ಯಗಳಿಗೂ ಒಂದೇ ಅಳತೆಯನ್ನು ಅಚ್ಚುಹಾಕುವುದನ್ನು ಬಿಟ್ಟು, ಅಲ್ಪಾಹಾರಿಗಳಾದ ಗಿಡಗಳಿಗೆ ಪ್ರತ್ಯೇಕ ಸೂಚನೆ ಕೊಡುವುದು ನ್ಯಾಯ. ನರ್ಸರಿಯವರೂ ಸಸಿಯ ಜೊತೆಯಲ್ಲಿ ಅದರ ತವರಿನ ವಿಚಾರವನ್ನು ಎರಡು ಮಾತಿನಲ್ಲಿ ತಿಳಿಸಿದರೆ ಅವರ ವ್ಯಾಪಾರಕ್ಕೇನೂ ಕುಂದಿಲ್ಲ. ನಾವಾದರೋ, ಗಿಡ ಬಾಡಿತೆಂದು ಚೀಲಕ್ಕೆ ಕೈಹಾಕುವುದಕ್ಕೆ ಮುಂಚೆ ಬಿಸಿಲು ಸಾಕಷ್ಟು ಬೀಳುತ್ತಿದೆಯೇ, ಕುಂಡದ ರಂಧ್ರ ಕಟ್ಟಿಕೊಂಡಿದೆಯೇ ಎಂಬುದನ್ನು ವಿಚಾರಿಸುವುದು ಮೇಲು. ಏಕೆಂದರೆ ಈ ಗಿಡದ ಕಾಯಿಲೆಗೆ ಹಸಿವಿಗಿಂತ ನೆರಳೂ ನಿಂತ ನೀರೂ ಕಾರಣವಾಗಿರುವ ಸಂಭವವೇ ಹೆಚ್ಚು.