ಗುಪ್ತದಾನವೂ ಗುಪ್ತ ವ್ಯವಹಾರವೂ

ಬಸದಿಯ ಹುಂಡಿಗೆ ಮಡಿಸಿದ ನೋಟನ್ನು ಹಾಕಿ, ಹಿಂದಿರುಗಿ ನೋಡದೆ ನಡೆಯುವ ಶ್ರಾವಕನ ಕೊಡುಗೆಯನ್ನು ಹಿರಿಯರು ಗುಪ್ತದಾನವೆಂದು ಕೊಂಡಾಡುತ್ತ ಬಂದಿದ್ದಾರೆ. ಕೊಟ್ಟವನಾರೆಂಬುದು ಅಲ್ಲಿ ಪಡೆದವನಿಗೂ ತಿಳಿಯದು. ಹಾಗಾಗಿಯೇ ಪಡೆದವನ ಮೇಲೆ ಋಣದ ಹೊರೆಯಿಲ್ಲ, ಕೊಟ್ಟವನಲ್ಲಿ ಕೀರ್ತಿಯ ಹಂಬಲವಿಲ್ಲ. ಹೆಸರು ಹೇಳದೆ ರಾಜಕೀಯ ಪಕ್ಷಗಳಿಗೆ ಕೊಡುವ ಹಣವೂ ಇಂತಹ ದಾನವೇ ಎಂಬ ಪ್ರಶ್ನೆಯನ್ನು ಚುನಾವಣಾ ಬಾಂಡ್‌ಗಳ ಪ್ರಕರಣ ಶ್ರಾವಕರ ಮುಂದಿಟ್ಟಿದೆ.

2018ರ ಜನವರಿಯಲ್ಲಿ ಜಾರಿಗೆ ಬಂದ ಆ ಯೋಜನೆಯಲ್ಲಿ 1,000 ರೂಪಾಯಿಯಿಂದ 1 ಕೋಟಿ ರೂಪಾಯಿವರೆಗಿನ ಬಾಂಡ್‌ಗಳನ್ನು ಭಾರತೀಯ ಸ್ಟೇಟ್ ಬ್ಯಾಂಕಿನ ಗೊತ್ತುಪಡಿಸಿದ ಶಾಖೆಗಳಲ್ಲಿ ಕೊಳ್ಳಬಹುದಿತ್ತು. ಬೆಂಗಳೂರಿನ ಮುಖ್ಯ ಶಾಖೆಯೂ ಅವುಗಳಲ್ಲೊಂದಾಗಿತ್ತು. ಬಾಂಡಿನ ಮೇಲೆ ಕೊಂಡವರ ಹೆಸರು ಇರುತ್ತಿರಲಿಲ್ಲ. ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ಕ್ಕಿಂತ ಹೆಚ್ಚನ್ನು ಯಾವ ಕಂಪನಿಯೂ ಪಕ್ಷಗಳಿಗೆ ಕೊಡಬಾರದೆಂಬ ಮಿತಿಯನ್ನು 2017ರಲ್ಲಿಯೇ ತೆಗೆದುಹಾಕಲಾಗಿತ್ತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಈ ಯೋಜನೆಯನ್ನೂ, ಮಿತಿ ತೆಗೆದ ಕ್ರಮವನ್ನೂ ಒಮ್ಮತದಿಂದ ರದ್ದುಪಡಿಸಿತು. ಅಷ್ಟರಲ್ಲಿ 16,000 ಕೋಟಿ ರೂಪಾಯಿಗೂ ಮಿಗಿಲಾದ ಬಾಂಡ್‌ಗಳು ಮಾರಾಟವಾಗಿದ್ದವು.

ಹೆಸರು ಬಯಲಾದರೆ ಎದುರಾಳಿ ಪಕ್ಷ ಹಗೆ ಸಾಧಿಸೀತು, ಆದ್ದರಿಂದ ಗೋಪ್ಯತೆ ಬೇಕು ಎಂಬುದು ಯೋಜನೆಯ ಪರವಾದ ಮುಖ್ಯ ವಾದ. ವ್ಯಾಪಾರಿಯ ಈ ಭಯ ಸುಳ್ಳಲ್ಲ. ಆದರೆ ಗೋಪ್ಯತೆ ಯಾರಿಂದ ಎಂಬುದನ್ನು ವಿಚಾರಿಸಬೇಕು. ಬಾಂಡನ್ನು ಕೊಂಡವನು ಅದನ್ನು ತನ್ನ ಕೈಯಿಂದಲೇ ಪಕ್ಷಕ್ಕೆ ಒಪ್ಪಿಸಬಹುದಿತ್ತು. ಕೊಟ್ಟವನಿಗೆ ಪಡೆದವನು ಗೊತ್ತು, ಪಡೆದವನಿಗೆ ಕೊಟ್ಟವನು ಗೊತ್ತು. ಗೊತ್ತಾಗದೆ ಉಳಿದವನು ಮತದಾರನೊಬ್ಬನೇ. ಗುಪ್ತದಾನದಲ್ಲಿ ಪಡೆದವನಿಂದ ಮರೆಯಾಗಬೇಕಾದ ಹೆಸರು ಇಲ್ಲಿ ಪ್ರಜೆಯಿಂದ ಮರೆಯಾಯಿತು.

ಕನ್ನಡ ನಾಡಿನ ಜೈನ ಪರಂಪರೆ ಬಹಿರಂಗ ದಾನವನ್ನೂ ಬಲ್ಲದು. ದಾನಚಿಂತಾಮಣಿ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಸಂಗತಿಯನ್ನು 1007ರ ಶಾಸನ ಇಂದಿಗೂ ಸಾರುತ್ತಿದೆ. ದಾನಶಾಸನಗಳಲ್ಲಿ ಕೊಟ್ಟವರಾರು, ಕೊಟ್ಟದ್ದೇನು, ಯಾರಿಗೆ, ಯಾವ ಕಾರ್ಯಕ್ಕೆ ಎಂಬುದೆಲ್ಲ ಕಲ್ಲಿನ ಮೇಲೆ, ಊರವರ ಕಣ್ಣೆದುರಿನಲ್ಲಿ ನಿಲ್ಲುತ್ತಿತ್ತು. ಪಡೆದವನಿಗೂ ತಿಳಿಯದ ದಾನ ಒಂದು ಶುದ್ಧ ರೂಪ. ಎಲ್ಲರಿಗೂ ತಿಳಿಯುವ ದಾನ ಮತ್ತೊಂದು. ಇಬ್ಬರಿಗೆ ಮಾತ್ರ ತಿಳಿದು ಊರಿಗೆ ತಿಳಿಯದ ಕೊಡುಗೆಗೆ ದಾನವೆಂಬ ಹೆಸರು ಸಲ್ಲದು. ಅದು ವ್ಯವಹಾರ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ದಾನವನ್ನು ವಿವರಿಸುವಾಗ ಎರಡು ಅಂಶಗಳನ್ನು ಎತ್ತಿಹಿಡಿಯುತ್ತಾರೆ. ಬಿಟ್ಟುಕೊಡುವ ವಸ್ತು ತನ್ನದಾಗಿರಬೇಕು. ಅದರ ಉದ್ದೇಶ ಅನುಗ್ರಹವಾಗಿರಬೇಕು. ಕಂಪನಿಯ ಹಣ ಆಡಳಿತ ಮಂಡಳಿಯವರ ಸ್ವಂತದ್ದಲ್ಲ. ಅದರಲ್ಲಿ ಮಲ್ಲೇಶ್ವರದ ನಿವೃತ್ತ ಶಿಕ್ಷಕರೊಬ್ಬರು ಉಳಿತಾಯದಿಂದ ಕೊಂಡ ನಾಲ್ಕು ಷೇರುಗಳ ಪಾಲೂ ಸೇರಿದೆ. ಇನ್ನು ಉದ್ದೇಶದ ಮಾತು. ಗುತ್ತಿಗೆಯೋ ಪರವಾನಗಿಯೋ ತನಿಖೆಯಿಂದ ಬಿಡುಗಡೆಯೋ ಪ್ರತಿಫಲವಾಗಿ ಬರಲೆಂದು ಕೊಟ್ಟರೆ ಅದು ನಿದಾನ, ಅಂದರೆ ಫಲದ ಬಯಕೆ. ಮಾಯೆ, ಮಿಥ್ಯಾತ್ವ, ನಿದಾನಗಳನ್ನು ಶಾಸ್ತ್ರವು ಶಲ್ಯ ಎನ್ನುತ್ತದೆ. ಒಳಗೆ ಮುರಿದು ನಿಂತ ಮುಳ್ಳಿನಂತೆ ಅವು ವ್ರತವನ್ನು ಕೀವುಗಟ್ಟಿಸುತ್ತವೆ. ಮರೆಮಾಚಿ ಕೊಡುವಲ್ಲಿ ಮಾಯೆಯಿದೆ, ಮರಳಿ ಪಡೆಯುವ ಎಣಿಕೆಯಲ್ಲಿ ನಿದಾನವಿದೆ. ಎರಡು ಮುಳ್ಳುಗಳು ಒಂದೇ ಕೈಯಲ್ಲಿ.

ಪಕ್ಷಗಳಿಗೆ ಹಣ ಬೇಡವೆಂದಲ್ಲ. ಕಾರ್ಯಕರ್ತರಿಗೆ, ಸಭೆಗಳಿಗೆ, ಕಚೇರಿಗಳಿಗೆ ವೆಚ್ಚವಿದ್ದೇ ಇದೆ. ಕೊರತೆಯಿರುವುದು ಪರಿಗ್ರಹ ಪರಿಮಾಣದಲ್ಲಿ. ಗೃಹಸ್ಥನು ತನ್ನ ಸಂಪತ್ತಿಗೆ ತಾನೇ ಎಲ್ಲೆ ಹಾಕಿಕೊಳ್ಳುವ ಅಣುವ್ರತವದು. ಕರ್ನಾಟಕದಲ್ಲಿ ವಿಧಾನಸಭೆಯ ಅಭ್ಯರ್ಥಿಗೆ 40 ಲಕ್ಷ ರೂಪಾಯಿ, ಲೋಕಸಭೆಯ ಅಭ್ಯರ್ಥಿಗೆ 95 ಲಕ್ಷ ರೂಪಾಯಿ ವೆಚ್ಚದ ಮಿತಿಯಿದೆ. ಅಭ್ಯರ್ಥಿಯನ್ನು ನಿಲ್ಲಿಸುವ ಪಕ್ಷದ ವೆಚ್ಚಕ್ಕೆ ಮಾತ್ರ ಕಾನೂನಿನಲ್ಲಿ ಯಾವ ಮಿತಿಯೂ ಇಲ್ಲ. ವ್ರತ ಮಗನಿಗೆ ಮಾತ್ರ, ಮನೆಗಲ್ಲ ಎಂಬಂತಾಗಿದೆ.

ಎಲ್ಲೆಯನ್ನು ತಾವೇ ಹಾಕಿಕೊಂಡು ಸಾರ್ವಜನಿಕ ಜೀವನ ನಡೆಸಿದವರು ಬಸವನಗುಡಿಯಲ್ಲಿಯೇ ಇದ್ದರು. ಡಿ.ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದು ಪ್ರಜೆಗೆ ರಾಜ್ಯದ ವಿಚಾರವನ್ನು ತಿಳಿಸಿಕೊಡಲೆಂದು. 1970ರಲ್ಲಿ ನಾಡು ಸನ್ಮಾನಿಸಿ ಅರ್ಪಿಸಿದ ನಿಧಿಯನ್ನು ಅವರು ಆ ಸಂಸ್ಥೆಗೇ ಒಪ್ಪಿಸಿದರು. ಹಣ ಬಂದದ್ದೂ ಎಲ್ಲರೆದುರು, ಹೋದದ್ದೂ ಎಲ್ಲರೆದುರು. ಅವರು ಜೈನರಲ್ಲ, ಆದರೆ ಆ ನಡೆಯಲ್ಲಿ ಅಪರಿಗ್ರಹವನ್ನು ಕಾಣದ ಜೈನನಿರಲಾರನು.

ಬಾಂಡುಗಳು ಹೋದರೂ ಹಣದ ಹರಿವು ನಿಂತಿಲ್ಲ. ಕಂಪನಿಗಳ ದೇಣಿಗೆ ಈಗ ಎಲೆಕ್ಟೋರಲ್ ಟ್ರಸ್ಟ್‌ಗಳ ಮೂಲಕ ಸಾಗುತ್ತಿದೆ. ಅಲ್ಲಿ ಹೆಸರುಗಳು ಪ್ರಕಟವಾಗುತ್ತವೆ, ಆದರೆ ಹಲವರ ಹಣ ಒಂದೇ ಪಾತ್ರೆಯಲ್ಲಿ ಬೆರೆಯುವುದರಿಂದ ಯಾರ ಹಣ ಯಾವ ಪಕ್ಷಕ್ಕೆ ಸೇರಿತೆಂಬುದು ಮಸುಕಾಗಿಯೇ ಉಳಿಯಬಹುದು. 20,000 ರೂಪಾಯಿಗಿಂತ ಕಡಿಮೆ ಕೊಟ್ಟವರ ಹೆಸರನ್ನು ಪಕ್ಷಗಳು ತಿಳಿಸಬೇಕಾಗಿಯೂ ಇಲ್ಲ. ಕಾನೂನು ಒಂದು ಬಾಗಿಲನ್ನು ಮುಚ್ಚಿದರೆ ಲೋಭ ಕಿಟಕಿಯನ್ನು ಹುಡುಕುತ್ತದೆ. ಕಾನೂನಿನಾಚೆಗೆ ಉಳಿಯುವುದು ಕೊಡುವವನ ವ್ರತವೊಂದೇ.

ಈ ಮಾತು ದೊಡ್ಡ ಉದ್ಯಮಿಗಳಿಗಷ್ಟೇ ಅಲ್ಲ. ಚಿಕ್ಕಪೇಟೆಯಲ್ಲಿ, ಚಾಮರಾಜಪೇಟೆಯಲ್ಲಿ ಅಂಗಡಿ ನಡೆಸುವ ಶ್ರಾವಕನೂ ಯಾವ ಪಕ್ಷದ ಮುನಿಸೂ ಬೇಡವೆಂದು ಎಲ್ಲರಿಗೂ ಅಷ್ಟಿಷ್ಟು ಕೊಟ್ಟು ಸುಮ್ಮನಾಗುವುದುಂಟು. ಭಯದಿಂದ ಕೊಟ್ಟದ್ದು ದಾನವಲ್ಲ, ಲಾಭಕ್ಕಾಗಿ ಕೊಟ್ಟದ್ದೂ ದಾನವಲ್ಲ. ಒಪ್ಪಿದ ವಿಚಾರಕ್ಕೆ, ತನ್ನ ಹಣದಿಂದ, ಚೆಕ್ಕಿನ ಮೂಲಕ ಕೊಟ್ಟು ರಸೀದಿ ಪಡೆದ ಸಣ್ಣ ಮೊತ್ತದಲ್ಲಿ ಮಾತ್ರ ಪ್ರಜೆಯ ಧರ್ಮ ಉಳಿಯುತ್ತದೆ.

ದೀಪಾವಳಿಯಂದು, ಭಗವಾನ್ ಮಹಾವೀರರ ನಿರ್ವಾಣದ ದಿನ, ಅನೇಕ ಜೈನ ವರ್ತಕರು ಹೊಸ ಲೆಕ್ಕದ ಪುಸ್ತಕವನ್ನು ಪೂಜೆಗಿಡುತ್ತಾರೆ. ಪಕ್ಷದವರು ಅಂಗಡಿಯ ಮೆಟ್ಟಿಲೇರಿ ಬಂದಾಗ ಆ ಪುಸ್ತಕ ನೆನಪಾಗಬೇಕು. ಅದರಲ್ಲಿ ಹೆಸರು, ಮೊತ್ತ, ಕಾರಣ ಮೂರನ್ನೂ ಅಳುಕಿಲ್ಲದೆ ಬರೆಯಬಹುದಾದುದನ್ನು ಕೊಡಬಹುದು. ಬರೆಯಲು ಕೈ ಹಿಂಜರಿಯುವುದನ್ನು ಕೊಡದಿರುವುದೇ ವ್ರತ.